ಮೊದಲು ವಿಷಯ ಹೇಳ್ರಿ

ಮಾನ್ವಿಯ ಕಾಲುವೆ ಕಚೇರಿಯಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದ ಉರುಕುಂದಪ್ಪನಿಗೆ ಒಂದು ಕೆಟ್ಟ ಚಾಳಿ ಇತ್ತು. ಇಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕುವುದು. ಮನೆಯಲ್ಲಾದರೆ ಅವ್ವ ಬೈದು ಸುಮ್ಮನಾಗುತ್ತಿದ್ದಳು. ವೈರ್‌ಲೆಸ್‌ನಲ್ಲಿ ಬಾಯಿ ಹಾಕಿದರೆ ರಾಯಚೂರು, ಸಿರವಾರ, ದೇವದುರ್ಗದ ಕಚೇರಿಗಳಿಗೆಲ್ಲ ಒಟ್ಟಿಗೇ ಕೇಳಿಸುತ್ತದೆ. ಎಂಬತ್ತರ ದಶಕದ ಆ ದಿನಗಳಲ್ಲಿ ಟ್ರಂಕ್ ಕಾಲ್ ಹಚ್ಚಿದರೆ, ಅದು ಸಿಗುವ ಹೊತ್ತಿಗೆ ಕಾಲುವೆಯ ನೀರು ಗದ್ದೆ ಸೇರಿ ಭತ್ತ ತೆನೆ ಬಿಟ್ಟಿರುತ್ತಿತ್ತು. ಹಾಗಾಗಿ ಕಚೇರಿಯ ಕಾರುಬಾರೆಲ್ಲ ಆ ಕರಿ ಡಬ್ಬಿಯಲ್ಲೇ ನಡೆಯುತ್ತಿತ್ತು. ಒಬ್ಬ ಗುಂಡಿ ಒತ್ತಿ ಮಾತಾಡಿದರೆ ಉಳಿದವರೆಲ್ಲ ಕೇಳಲೇಬೇಕು.

ಈ ಸಂತೆಗೆ ಯಜಮಾನರು ರಾಯಚೂರಿನ ಹಿರಿಯ ಆಪರೇಟರ್ ರಾಮಲಿಂಗಪ್ಪ. ಅವರದೊಂದು ಕಟ್ಟಳೆ ಇತ್ತು. ಕೇಳುವವನು ಮೊದಲು ವಿಷಯ ಹೇಳಬೇಕು, ಉತ್ತರ ಕೊಡುವವನೂ ಅದೇ ವಿಷಯ ಹೇಳಿ ಆಮೇಲೆ ಉತ್ತರ ಕೊಡಬೇಕು, ತನ್ನ ಮಾತು ಮುಗಿಯಿತು ಎನ್ನಲು 'ಓವರ್' ಅನ್ನಬೇಕು, ಒಂದು ಮುಗಿಯದೆ ಇನ್ನೊಂದು ಎತ್ತಬಾರದು. ಆ ಕಟ್ಟಳೆಯನ್ನು ಸರಿಯಾಗಿ ಪಾಲಿಸುತ್ತಿದ್ದವರು ಅದನ್ನು ಮಾಡಿದವರೊಬ್ಬರೇ. ಸಿರವಾರದ ಸತ್ತಾರ್ ಸಾಬ್ ಅತಿ ಮಾಡುತ್ತಿದ್ದರು. ಎದುರಿನವರು ಹೇಳಿದ್ದನ್ನೆಲ್ಲ ನಮಸ್ಕಾರದಿಂದ ಹಿಡಿದು ನಡುವಿನ ಕೆಮ್ಮಿನವರೆಗೆ ತಿರುಗಿ ಒಪ್ಪಿಸಿ, ಕೊನೆಗೆ "ಹೌದ್ರಿ" ಎನ್ನುತ್ತಿದ್ದರು. ದೇವದುರ್ಗದ ಹಂಪಯ್ಯನವರದು ಇದಕ್ಕೆ ತದ್ವಿರುದ್ಧ. ಮುಂಜಾನೆ ಕೇಳಿದ ಪ್ರಶ್ನೆಗೆ ಇಳಿಹೊತ್ತಿನಲ್ಲಿ ಇದ್ದಕ್ಕಿದ್ದಂತೆ "ಆತು" ಎಂದು ಒಂದೇ ಮಾತು ಒಗೆಯುತ್ತಿದ್ದರು. ಏನಾಯಿತು, ಯಾರಿಗಾಯಿತು ಎಂದು ಉಳಿದವರು ತಲೆ ಕೆರೆದುಕೊಳ್ಳಬೇಕಾಗಿತ್ತು.

ಹಂಪಯ್ಯನವರಿಗೆ ಒತ್ತಿದ ಗುಂಡಿ ಬಿಡುವುದನ್ನು ಮರೆಯುವ ಗುಣವೂ ಇತ್ತು. ಹಾಗೆ ಮರೆತ ಒಂದು ಮಧ್ಯಾಹ್ನ ಅವರ ಮಗಳು ಅಮರಮ್ಮನ ದನಿ ಮಾನ್ವಿಯವರೆಗೆ ಹರಿದು ಬಂತು. "ಅಪ್ಪಾ, ರೊಟ್ಟಿ ಆರಾಕತ್ತಾವ. ಆ ಡಬ್ಬಿಗೇನು ಹೊಟ್ಟಿ ಅದ ಏನು? ನಿನಗದ, ಏಳು." ಅಷ್ಟೇ. ಉರುಕುಂದಪ್ಪ ಅಂದು ತಂದಿದ್ದ ಬುತ್ತಿಯನ್ನು ಬಿಚ್ಚಲೇ ಇಲ್ಲ. ಮುಂದೆ ಸಿರವಾರದ ಸಂತೆಯಲ್ಲಿ ಅಪ್ಪನ ಜತೆ ಬಂದಿದ್ದ ಅವಳನ್ನು ದೂರದಿಂದ ಕಂಡ ಮೇಲಂತೂ, ಮಗಳನ್ನು ಕೊಡುತ್ತೀರೇನು ಎಂದು ಧೈರ್ಯ ಮಾಡಿ ಹಂಪಯ್ಯನವರನ್ನೇ ಕೇಳಿಬಿಟ್ಟ.

"ಮನ್ಯಾಗ ಕೇಳಿ ವೈರ್‌ಲೆಸ್‌ನ್ಯಾಗ ಹೇಳತೀನಪ್ಪ," ಎಂದಿದ್ದರು ಅವರು. "ಹೆಸರು ಎತ್ತಬ್ಯಾಡ. ರಾಯಚೂರಿನ ಇಂಜಿನಿಯರ್ ಸಾಹೇಬ್ರು ಕೇಳತಿರತಾರ. 'ಆ ವಿಷಯ' ಅನ್ನು, ಸಾಕು."

ಅಂದಿನಿಂದ ಇವನು ದಿನಾ "ಆ ವಿಷಯ ಏನಾತ್ರಿ?" ಎನ್ನುವುದು, ಅವರು "ಮಾನ್ವಿ, ಸ್ಟ್ಯಾಂಡ್ ಬೈ" ಎನ್ನುವುದು ನಡೆದೇ ಇತ್ತು. ತಾಳು, ಆಮೇಲೆ ಹೇಳುತ್ತೇನೆ ಎಂಬುದಕ್ಕೆ ವೈರ್‌ಲೆಸ್‌ನವರು ಹಾಗೆ ಅನ್ನುತ್ತಾರೆ. ಉರುಕುಂದಪ್ಪನ ತಾಯಿ ಯಮನಮ್ಮನಿಗೆ ಮಾತ್ರ ತಾಳ್ಮೆ ತೀರಿತ್ತು. "ಇವತ್ತ ಅವರು ಹೂಂ ಅನ್ನಲಿಲ್ಲಂದ್ರ, ನಾಳೆ ನೀರಮಾನ್ವಿಗೆ ಹೋಗಿ ನಮ್ಮಣ್ಣನ ಮಗಳನ್ನ ಗಟ್ಟಿ ಮಾಡತೀನಿ ನೋಡು," ಎಂದು ಬೆಳಿಗ್ಗೆಯೇ ಎಚ್ಚರಿಸಿದ್ದಳು.

ಅವನು ಬ್ಯಾಟರಿ ಉಜ್ಜಲು ಹೊರಗೆ ಹೋಗಿದ್ದಾಗ ರಾಯಚೂರಿನಿಂದ ರಾಮಲಿಂಗಪ್ಪ ಕರೆದರು. "ವಿಷಯ: ಸಾಹೇಬ್ರ ಕ್ಯಾಂಪು. ಇವತ್ತ ತಪಾಸಣಿಗೆ ದೇವದುರ್ಗಕ್ಕ ಬರಬೇಕಂತಾರ. ನಿಮ್ಮ ಮಂದಿ ಒಪ್ಪತಾರೇನು, ಊಟ ಎಲ್ಲಿ, ಕೇಳಿ ಹೇಳ್ರಿ. ಓವರ್."

"ಸ್ಟ್ಯಾಂಡ್ ಬೈ," ಎಂದು ಹಂಪಯ್ಯ ಎದ್ದು ಹೋದರು. ಅದೇ ಹೊತ್ತಿಗೆ ಉರುಕುಂದಪ್ಪ ಒಳಗೆ ಬಂದ. ಯಾರು ಏನು ಮಾತಾಡುತ್ತಿದ್ದರು ಎಂದು ವಿಚಾರಿಸುವ ಜಾಯಮಾನ ಅವನದಲ್ಲ. ಗುಂಡಿ ಒತ್ತಿ, "ಹಂಪಯ್ಯನವರ, ಆ ವಿಷಯ ಮನ್ಯಾಗ ಕೇಳಿದ್ರೇನು? ಒಪ್ಯಾರೇನು? ಓವರ್," ಎಂದ.

ದೇವದುರ್ಗದಲ್ಲಿ ಹಂಪಯ್ಯನವರ ಖಾಲಿ ಕುರ್ಚಿ ಅದನ್ನು ಕೇಳಿಸಿಕೊಂಡಿತು. ತುಸು ಹೊತ್ತಿಗೆ ಹಂಪಯ್ಯ ತಿರುಗಿ ಬಂದು, ಎಂದಿನಂತೆ ವಿಷಯ ಹೇಳದೆ, ಎಂದಿನಂತಲ್ಲದೆ ಧಾರಾಳವಾಗಿ ಮಾತಾಡಿದರು. "ಎಲ್ಲಾರನ್ನೂ ಕೇಳಿದೆ. ಖುಷಿಲೆ ಒಪ್ಯಾರ. ಇವತ್ತ ಬರ್ರಿ ಅನ್ನಾಕತ್ತಾರ. ಊಟ ನಮ್ಮನ್ಯಾಗ, ಹೋಳಿಗಿ ಮಾಡಸಾಕತ್ತೀನಿ. ಓವರ್."

ಉರುಕುಂದಪ್ಪ ಕುರ್ಚಿಯ ಮೇಲೆ ಹತ್ತಿ ನಿಂತ. ಸೆಟ್ ಬಂದ್ ಮಾಡಿದ. ತಲೆನೋವೆಂದು ರಜೆ ಬರೆದು ಕೊಟ್ಟು, ಶಿಳ್ಳೆ ಹಾಕುತ್ತ ಮನೆಗೆ ಓಡಿದ. ತಲೆನೋವಿನವನು ಹೀಗೆ ಓಡುವುದನ್ನು ಕಚೇರಿಯ ಕಾವಲುಗಾರ ಅಲ್ಲಿಯವರೆಗೆ ಕಂಡಿರಲಿಲ್ಲ.

ಯಮನಮ್ಮ ಇಳಕಲ್ ಸೀರೆ ಉಟ್ಟು, ಎಲೆ ಅಡಿಕೆ, ಕುಪ್ಪಸದ ಕಣ ಕಟ್ಟಿಕೊಂಡು ಹೊರಟಳು. ಬಸ್ಸು ಸಿರವಾರಕ್ಕೆ ಬಂದಾಗ ಸತ್ತಾರ್ ಸಾಬ್ ಹೂವಿನ ಹಾರ, ಮಿಠಾಯಿ ಪೊಟ್ಟಣ ಹಿಡಿದು ನಿಂತಿದ್ದರು.

"ಮುಬಾರಕ್ ಹೋ, ಉರುಕುಂದಪ್ಪ! ನಾನೂ ಬರತೀನಿ."

"ನಿಮಗ ಹೆಂಗ ಗೊತ್ತಾತ್ರಿ?"

"ಅರೆ, ದಿನಾ ಕೇಳಾವಗ 'ಆ ವಿಷಯ' ಏನಂತ ತಿಳೀದೇನು? ಇವತ್ತಿಂದೂ ಎಲ್ಲಾ ಕೇಳೀನಿ," ಎಂದ ಸತ್ತಾರ್ ಸಾಬ್, ತಮ್ಮ ಪದ್ಧತಿಯಂತೆ ಬೆಳಗಿನ ಮಾತುಕತೆಯನ್ನೆಲ್ಲ ಮೊದಲಿನಿಂದ ಒಪ್ಪಿಸತೊಡಗಿದರು. ಸಾಹೇಬರ ಕ್ಯಾಂಪಿನ ಪ್ರಶ್ನೆ ಬಂದಾಗ ಉರುಕುಂದಪ್ಪನ ನಗು ಆರಿತು.

"ಹಂಗಾರ... ಅವರು ಸಾಹೇಬ್ರಿಗೆ ಬರ್ರಿ ಅಂದಿದ್ದೇನು?"

"ಹುಚ್ಚಪ್ಪ! ಸಾಹೇಬ್ರು ತಪಾಸಣಿಗೆ ಬರತಾರಂದ್ರ ಯಾರಾದ್ರೂ ಖುಷಿಲೆ ಒಪ್ಪತಾರೇನು? ಅದು ಬಿಲ್ಕುಲ್ ನಿನಗ ಅಂದಿದ್ದು."

ಇದನ್ನು ಅಲ್ಲಗಳೆಯಲು ಬಸ್ಸಿನಲ್ಲಿ ಯಾರಿಗೂ ಸಾಧ್ಯವಾಗಲಿಲ್ಲ. ಉರುಕುಂದಪ್ಪ ಮತ್ತೆ ಅರಳಿದ.

ದೇವದುರ್ಗದಲ್ಲಿ ಹಂಪಯ್ಯನವರ ಮನೆ ಕಚೇರಿಯ ಹಿಂದೆಯೇ ಇತ್ತು. ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ರಂಗೋಲಿ, ಒಳಗಿಂದ ಹೋಳಿಗೆಯ ಘಮ! ಹಂಪಯ್ಯ ಕಾಲುವೆ ದಂಡೆಗೆ ಸುಣ್ಣ ಹಾಕಿಸಲು ಹೋಗಿದ್ದರು. ಅವರ ಹೆಂಡತಿ ಗುರುಶಾಂತಮ್ಮನಿಗೆ ಗಂಡ ಹೇಳಿ ಹೋದದ್ದು ಒಂದೇ ಮಾತು: ಸಾಹೇಬ್ರು ಬರತಾರ, ಹಸದಿರತಾರ, ಮೊದಲು ಉಣ್ಣಾಕ ನೀಡು. ಸಾಹೇಬರ ಮುಖವನ್ನು ಆಕೆ ನೋಡಿರಲಿಲ್ಲ.

"ಬರ್ರಿ ಸಾಹೇಬ್ರ, ಕಾಲು ತೊಳಕೋರಿ," ಎಂದು ಉರುಕುಂದಪ್ಪನಿಗೆ ಕೈಮುಗಿದಳು.

ಅತ್ತೆಯಾಗುವವಳು ಸಾಹೇಬ್ರು ಎಂದದ್ದಕ್ಕೆ ಅವನು ಉಬ್ಬಿಹೋದ. "ಎಷ್ಟು ಮರ್ಯಾದಿ ನೋಡವ್ವಾ," ಎಂದು ತಾಯಿಯ ಕಿವಿಯಲ್ಲಿ ಉಸುರಿದ. ಮೂವರೂ ಸಾಲಾಗಿ ಕೂತರು. ಎಣ್ಣೆಗಾಯಿ, ಶೇಂಗಾ ಹಿಂಡಿ, ಬಿಸಿ ರೊಟ್ಟಿ, ತುಪ್ಪ ಸುರಿದ ಹೋಳಿಗೆ. ಯಮನಮ್ಮ ಬೀಗರ ಕೈಗುಣ ಪರೀಕ್ಷಿಸಲೆಂದು ಉಂಡಳು, ಸತ್ತಾರ್ ಸಾಬ್ ಸಿರವಾರದ ಮಾನ ಉಳಿಸಲೆಂದು ಉಂಡರು. ಬಡಿಸಲು ಬಂದವಳು ಅಮರಮ್ಮ. ಹೋಳಿಗೆ ಹಾಕಲು ಬಗ್ಗಿದಾಗ ಉರುಕುಂದಪ್ಪ ಗಾಬರಿಯಲ್ಲಿ, "ಸಾಕ್ರಿ, ಓವರ್," ಎಂದುಬಿಟ್ಟ.

ಅಮರಮ್ಮ ಕಣ್ಣರಳಿಸಿ ಅವನನ್ನು ನೋಡಿದಳು. ಅಪ್ಪನ ಡಬ್ಬಿಯಲ್ಲಿ ದಿನಾ ನಡುವೆ ಬಾಯಿ ಹಾಕುವ ದನಿ ಯಾರದೆಂದು ಅವಳಿಗೆ ತಿಳಿದುಹೋಯಿತು. ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ, ಇನ್ನೊಂದು ಹೋಳಿಗೆ ಹಾಕಿ ಒಳಗೆ ಹೋದಳು.

ಪಾತ್ರೆ ಬರಿದಾದ ಹೊತ್ತಿಗೆ ಸರಿಯಾಗಿ ಜೀಪು ಬಂತು. ಸಾಹೇಬರು, ಅವರ ಹಿಂದೆ ರಾಮಲಿಂಗಪ್ಪ, ದಾರಿಯಲ್ಲಿ ಜೀಪು ಹತ್ತಿದ ಹಂಪಯ್ಯ. ಎಲ್ಲರ ಮುಖದಲ್ಲೂ ಹಸಿವು.

"ಇವರು ಸಾಹೇಬ್ರಾದ್ರ, ಉಂಡವರು ಯಾರ್ರಿ?" ಎಂದಳು ಗುರುಶಾಂತಮ್ಮ.

"ಲೇ ಉರುಕುಂದ, ನೀ ಯಾಕ ಬಂದಿ?" ಎಂದರು ಹಂಪಯ್ಯ.

"ನೀವ ಅಂದ್ರೆಲ್ಲ, ಎಲ್ಲಾರೂ ಒಪ್ಯಾರ, ಇವತ್ತ ಬರ್ರಿ ಅಂತ!"

"ಅದು ರಾಯಚೂರಿಗೆ ಅಂದಿದ್ದೋ ಯಪ್ಪಾ! ನಿನ್ನ ವಿಷಯ ನಾ ಮನ್ಯಾಗ ಇನ್ನೂ ಎತ್ತೇ ಇಲ್ಲ!"

ರಾಮಲಿಂಗಪ್ಪ ಹಣೆ ಚಚ್ಚಿಕೊಂಡರು. "ಬಾಯಿ ಬಡಕೊಂಡು ಹೇಳತಿದ್ದೆ, ಮೊದಲು ವಿಷಯ ಹೇಳ್ರಿ ಅಂತ. ಕೇಳಿದವನೂ ಹೇಳಲಿಲ್ಲ, ಉತ್ತರ ಕೊಟ್ಟವರೂ ಹೇಳಲಿಲ್ಲ. ನಮ್ಮ ಹೋಳಿಗಿ ಹೋತು!"

ಸಾಹೇಬರು ಮೈಸೂರು ಕಡೆಯವರು, ಒಳ್ಳೆಯವರು. ಮೊದಲು ಕೆಂಪಾದರು, ಸಂಗತಿಯೆಲ್ಲ ತಿಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಖಾಲಿ ಹೊಟ್ಟೆಯಾದ್ದರಿಂದ ಹಿಡಿಯುವುದು ಸುಲಭವಾಗಿತ್ತು. "ಹೋಗಲಿ ಬಿಡ್ರಿ, ಇಷ್ಟಾದ ಮೇಲೆ ಇದನ್ನು ಇಲ್ಲೇ ತೀರ್ಮಾನ ಮಾಡೋಣ. ಎಲ್ಲಿದ್ದಾಳೆ ಹುಡುಗಿ?"

ಅಮರಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಏನಮ್ಮ, ಈ ಹುಡುಗ ನಿನಗೆ ಒಪ್ಪಿಗೆಯೇನು?"

ಅಮರಮ್ಮ ಅತ್ತ ಒಮ್ಮೆ, ಇತ್ತ ಒಮ್ಮೆ ನೋಡಿ, "ಹೂಂ" ಎಂದಳು.

ಅಂಗಳದಲ್ಲಿ ಗದ್ದಲವೆದ್ದಿತು. ಸತ್ತಾರ್ ಸಾಬ್ ಹಾರವನ್ನು ಉರುಕುಂದಪ್ಪನ ಕೊರಳಿಗೆ ಹಾಕಿ, ಹಸಿದ ಸಾಹೇಬರ ಬಾಯಿಗೆ ಮಿಠಾಯಿ ತುರುಕಿದರು. ಯಮನಮ್ಮ ಕಣ್ಣೀರು ಒರೆಸಿಕೊಳ್ಳುತ್ತ ಕುಪ್ಪಸದ ಕಣ ಬಿಚ್ಚಿದಳು. ರಾಮಲಿಂಗಪ್ಪ ಕೂಡ ಕೋಪ ಮರೆತು ಹಂಪಯ್ಯನವರನ್ನು ತಬ್ಬಿಕೊಂಡರು. ಉರುಕುಂದಪ್ಪನಿಗಂತೂ ನೆಲ ಕಾಲಿಗೆ ತಾಗುತ್ತಿರಲಿಲ್ಲ.

"ತಡೀರಿ, ತಡೀರಿ," ಎಂದು ಅಮರಮ್ಮ ಕೈಯೆತ್ತಿದಳು. "ನಾ ಹೂಂ ಅಂದಿದ್ದು ಅವ್ವಗ. ಸಾಹೇಬ್ರಿಗೆ ಮತ್ತ ಅನ್ನಕ್ಕ ಇಡ್ಲೇನು ಅಂತ ಒಳಗಿಂದ ಅದ ಹೊತ್ತಿಗೆ ಕೇಳಿದ್ಲು."

ಒಳಗಿಂದ ಗುರುಶಾಂತಮ್ಮ, "ಹೌದು, ನಾನ ಕೇಳಿದ್ದು. ಎಸರು ಇಟ್ಟೀನಿ," ಎಂದು ಸಾಕ್ಷಿ ಹೇಳಿದಳು.

ಯಮನಮ್ಮ ಕಣವನ್ನು ಮತ್ತೆ ಗಂಟು ಕಟ್ಟಿದಳು. "ನಾಳೆ ನೀರಮಾನ್ವಿ," ಎಂದಳು, ಮಗನತ್ತ ನೋಡದೆ.

ಆಗ ಉರುಕುಂದಪ್ಪ ಹಾರ ಸರಿಮಾಡಿಕೊಂಡು ಮುಂದೆ ಬಂದ. ಯಾರ ಮಾತಿನ ನಡುವೆಯೂ ಬಾಯಿ ಹಾಕದೆ, ಎಲ್ಲರೂ ಸುಮ್ಮನಾಗುವವರೆಗೆ ಕಾದ. ಬದುಕಿನಲ್ಲಿ ಮೊದಲ ಸಲ ಕಟ್ಟಳೆಯ ಪ್ರಕಾರ ಮಾತಾಡಿದ.

"ವಿಷಯ: ಮದುವಿ. ಕೇಳಾವ: ಮಾನ್ವಿ. ಹೇಳಾಕಿ: ದೇವದುರ್ಗದ ಅಮರಮ್ಮ, ಬ್ಯಾರೆ ಯಾರೂ ಅಲ್ಲ. ನಿನಗ ನಾ ಒಪ್ಪಿಗಿ ಏನು? ಓವರ್."

ರಾಮಲಿಂಗಪ್ಪನವರ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಹೇಳಿದ್ದು ವ್ಯರ್ಥವಾಗಿರಲಿಲ್ಲ. ಸಾಹೇಬರು ಬಾಯಲ್ಲಿದ್ದ ಮಿಠಾಯಿ ಜಗಿಯುವುದನ್ನು ನಿಲ್ಲಿಸಿದರು.

ಅಮರಮ್ಮನ ಮುಖ ಕೆಂಪೇರಿತು. ಅವಳು ನಗು ತಡೆದುಕೊಂಡು, ಅಪ್ಪನಂತೆ ಗಂಟಲು ಸರಿಮಾಡಿಕೊಂಡು ಹೇಳಿದಳು.

"ವಿಷಯ: ಮದುವಿ. ಮಾನ್ವಿ, ಸ್ಟ್ಯಾಂಡ್ ಬೈ. ಓವರ್."

ಹಾಗೆಂದವಳೇ ಅನ್ನ ಉಕ್ಕುತ್ತಿದೆಯೆಂದು ಒಳಗೆ ಓಡಿದಳು.