ಎತ್ತಿಡಲು ಬಾರದ ಬುಟ್ಟಿ

ನಮ್ಮ ಭಾಗದ ಜನರಿಗೆ ಹಗುರವಾದ ವಸ್ತು ಕಂಡರೆ ಏಕಿಷ್ಟು ತಾತ್ಸಾರವೋ ನನಗೆ ಈವರೆಗೂ ತಿಳಿದಿಲ್ಲ. ಏನನ್ನೇ ಕೊಂಡು ತನ್ನಿ, ಮನೆಗೆ ಬಂದವರು ಮೊದಲು ಅದನ್ನು ಕೈಯಲ್ಲಿ ಎತ್ತಿ ನೋಡುತ್ತಾರೆ. ಕುಕ್ಕರ್ ಇರಲಿ, ಕುರ್ಚಿ ಇರಲಿ, ಮದುವೆಯ ಕರೆಯೋಲೆಯೇ ಇರಲಿ, ಕೈ ಕೊಂಚ ಜಗ್ಗಿದರೆ ‘ಮಾಲ್ ಮಜಬೂತ್ ಅದ’ ಎಂದು ತಲೆಯಾಡಿಸುತ್ತಾರೆ. ಜಗ್ಗದಿದ್ದರೆ ವಸ್ತುವನ್ನು ಬಿಟ್ಟು, ಕೊಂಡು ತಂದವನ ಮುಖವನ್ನು ಕರುಣೆಯಿಂದ ನೋಡುತ್ತಾರೆ. ಆ ಕರುಣೆ ಇತ್ತೀಚೆಗೆ ನನ್ನ ಪಾಲಿಗೂ ಬಂತು. ಸಿಟ್ಟು ಇನ್ನೂ ಇಳಿದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಆಳಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ರಕ್ತದಲ್ಲಿ ಸಕ್ಕರೆ ಸೇರಿಕೊಂಡು, ಡಾಕ್ಟರರು ದಿನವೂ ನಡೆಯಲೇಬೇಕು ಎಂದು ಗದರಿಸಿದರು. ಡಾಕ್ಟರರು ಹೊರಗಿನವರು, ಅವರಿಗೆ ನಮ್ಮ ಊರಿನ ಪ್ರೀತಿ ಗೊತ್ತಿಲ್ಲ. ರಸ್ತೆಗೆ ಇಳಿದು ನಾಲ್ಕು ಹೆಜ್ಜೆ ಹಾಕುವುದರೊಳಗೆ ಯಾವನಾದರೂ ಹಳೆಯ ವಿದ್ಯಾರ್ಥಿ ಬೈಕ್ ನಿಲ್ಲಿಸುತ್ತಾನೆ. “ಯಾಕ್ರಿ ಸರ್, ನಡಕೋತ ಹೊಂಟೀರಿ? ಕೂಡ್ರಿ, ಬಿಡ್ತೇನಿ.” ವಾಕಿಂಗ್ ಮಾಡುತ್ತಿದ್ದೇನಪ್ಪಾ ಎಂದರೆ, “ಆಮ್ಯಾಲ ಮಾಡೀರಂತ, ಈಗ ಕೂಡ್ರಿ” ಎನ್ನುತ್ತಾನೆ. ಗುರುವನ್ನು ನಡೆಯಲು ಬಿಟ್ಟು ತಾನು ಬೈಕಿನಲ್ಲಿ ಹೋದನೆಂಬ ಅಪವಾದ ಅವನಿಗೆ ಬೇಡ. ನನ್ನ ಸಕ್ಕರೆಯ ಗತಿ ಏನಾದರೂ ಆಗಲಿ. ಹೀಗೆ ಎಷ್ಟೋ ಸಲ ನಾನು ವಾಕಿಂಗಿಗೆಂದು ಹೊರಟು ಬೈಕಿನಲ್ಲೇ ಬಸ್ ಸ್ಟ್ಯಾಂಡ್ ನೋಡಿ ಬಂದಿದ್ದೇನೆ.

ಆದ್ದರಿಂದ ಕಾಂಪೌಂಡಿನ ಒಳಗೇ ನಡೆಯುವ ದಾರಿ ಹುಡುಕಬೇಕಾಯಿತು. ಮೊಬೈಲಿನಲ್ಲಿ ಒಂದು ದಿನ ಡಿಸ್ಕ್ ಗಾಲ್ಫ್ ಎಂಬ ಆಟ ಕಂಡಿತು. ಒಂದು ಕಂಬ, ಅದರ ತಲೆಯಿಂದ ಸುತ್ತಲೂ ಇಳಿಬಿಟ್ಟ ಸರಪಳಿಗಳು, ಕೆಳಗೊಂದು ಬುಟ್ಟಿ. ದೂರ ನಿಂತು ತಟ್ಟೆಯಂಥ ಡಿಸ್ಕನ್ನು ಎಸೆದರೆ ಅದು ಸರಪಳಿಗೆ ಬಡಿದು ಬುಟ್ಟಿಗೆ ಬೀಳಬೇಕು. ಬೀಳದಿದ್ದರೆ ಅದು ಬಿದ್ದಲ್ಲಿಗೆ ನಡೆದು ಹೋಗಿ ಮತ್ತೆ ಎಸೆಯಬೇಕು. ನನ್ನ ಗುರಿ ಹೇಗಿದೆಯೆಂದರೆ ಡಾಕ್ಟರರು ಹೇಳಿದ್ದಕ್ಕಿಂತ ಹೆಚ್ಚೇ ನಡಿಗೆಯಾಗುವುದು ಖಾತ್ರಿಯಿತ್ತು. ಮನೆಯ ಹಿಂದೆ ದೊಡ್ಡ ಅಂಗಳವೂ ಇತ್ತು. ಆದರೆ ಅಂಗಳ ನನ್ನ ಹೆಂಡತಿ ಸುಮಿತ್ರಾಳ ಆಳ್ವಿಕೆಗೆ ಸೇರಿದ್ದು. ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಲ್ಲಿರುವ ನಮ್ಮ ಹೊಲದ ತೊಗರಿ ಅಲ್ಲೇ ಒಣಗುತ್ತದೆ. ಅವಳು ಒಂದೇ ಷರತ್ತು ಹಾಕಿದಳು. “ತೊಗರಿ ಬಂದ ದಿನ ನಿಮ್ಮ ಬುಟ್ಟಿ ಎತ್ತಿ ಬ್ಯಾರೆ ಕಡೆ ಇಡಬೇಕ್ರಿ. ಎತ್ತಾಕ ಬರಲಿಲ್ಲಂದ್ರ ಆಟ ಬಂದ್.”

ನ್ಯಾಯವಾದ ಮಾತು. ಹಾಗಾಗಿ ವಾರಗಟ್ಟಲೆ ಕೂತು ಎತ್ತಿಡಬಹುದಾದ ಬುಟ್ಟಿಗಳನ್ನೇ ಅಭ್ಯಾಸ ಮಾಡಿದೆ. ಕೊಡೆಯ ಹಾಗೆ ಮಡಚುವ ಬಟ್ಟೆಯವು, ಬಿಚ್ಚಿ ಚೀಲಕ್ಕೆ ತುಂಬುವ ತಂತಿಯವು, ತಳಕ್ಕೆ ಗಾಲಿ ಇರುವವು. ಮಗಳ ಮದುವೆಗೆ ವರ ನೋಡುವಾಗಲೂ ಇಷ್ಟು ಶೋಧಿಸಿರಲಿಲ್ಲ. ಕೊನೆಗೆ ತಂತಿಯದೊಂದನ್ನು ತರಿಸಿದೆ. ಅದೇ ದಿನ ಜೇವರ್ಗಿಯಿಂದ ನನ್ನ ಹೆಂಡತಿಯ ತಮ್ಮ ಮಲ್ಲಿನಾಥ ಬಂದಿದ್ದ. ಚಹಾ ಕುಡಿಯುವ ಮೊದಲೇ ಹೋಗಿ ಬುಟ್ಟಿಯನ್ನು ಕಿರುಬೆರಳಲ್ಲಿ ಎತ್ತಿದ.

“ಮಾಮಾ, ಇದು ಏನೂ ತೂಕ ಇಲ್ಲಲ್ರಿ.”

“ತೂಕ ಇರಬಾರದು ಅಂತಲೇ ತರಿಸೀನಪಾ.”

“ಮೋಸ ಮಾಡ್ಯಾರ್ರಿ ನಿಮಗ,” ಎಂದು ಅಕ್ಕನನ್ನು ಕರೆದು ತೋರಿಸಿದ. ಅವಳೂ ಎತ್ತಿದಳು. ಪಕ್ಕದ ಮನೆಯವರೂ ಬಂದು ಎತ್ತಿದರು. ಎತ್ತಲು ಬರುವುದೇ ಅದರ ಗುಣ ಎಂದು ನಾನು ಕೂಗಿ ಹೇಳುತ್ತಿದ್ದರೂ ಎಲ್ಲರೂ ಸುಲಭವಾಗಿ ಎತ್ತಿ ಎತ್ತಿ ಅದನ್ನು ತಿರಸ್ಕರಿಸಿದರು. ಆಡುವವನು ನಾನು, ನಡೆಯಬೇಕಾದವನು ನಾನು, ಸಕ್ಕರೆ ನನ್ನದು. ನನ್ನನ್ನು ಯಾರೂ ಕೇಳಲಿಲ್ಲ. ಬುಟ್ಟಿ ವಾಪಸು ಹೋಯಿತು.

ಮಲ್ಲಿನಾಥನೇ ನನ್ನನ್ನು ವೆಲ್ಡಿಂಗ್ ಮಾಡುವ ರಫೀಕನ ಅಂಗಡಿಗೆ ಕರೆದೊಯ್ದ. ರಫೀಕ ನನ್ನ ಹಳೆಯ ವಿದ್ಯಾರ್ಥಿ. ಚಿತ್ರ ಬರೆದುಕೊಟ್ಟು, ಹಗುರ ಇರಲಿ, ನಾನೊಬ್ಬನೇ ಎತ್ತುವಂತಿರಲಿ ಎಂದು ಮತ್ತೆ ಮತ್ತೆ ಹೇಳಿದೆ. “ಫಿಕರ್ ಮಾಡಬ್ಯಾಡ್ರಿ ಸರ್” ಎಂದ. ಆಗಲೇ ನಾನು ಫಿಕರ್ ಮಾಡಬೇಕಿತ್ತು. ಬುಟ್ಟಿ ಟ್ರ್ಯಾಕ್ಟರಿನಲ್ಲಿ ಬಂತು. ಇಳಿಸಲು ಓಣಿಯ ಗಂಡಸರೆಲ್ಲ ಕೈ ಹಚ್ಚಿದರು. ಎತ್ತು ಕಟ್ಟುವ ಸರಪಳಿ, ಬೋರ್‌ವೆಲ್ಲಿನ ಪೈಪು, ತಳಕ್ಕೆ ದಪ್ಪನೆಯ ಕಬ್ಬಿಣದ ಹಾಳೆ. ಹಗುರ ಮಾಡು ಅಂದಿದ್ದೆನಲ್ಲೋ ಎಂದರೆ ರಫೀಕ ನೊಂದುಕೊಂಡ. “ಎಲ್ಲಾರಿಗೂ ಮಾಡಿದಂಗ ನಿಮಗೂ ಹಗುರ ಮಾಡಿ ಕೊಡಾಕ ಆಗ್ತದೇನ್ರಿ ಸರ್? ನೀವು ನಮಗ ಕಲಿಸಿದವರು.”

ಗುರುತ್ವದ ಪಾಠವನ್ನು ಅವನಿಗೆ ಕಲಿಸಿದವನು ನಾನೇ ಆದ್ದರಿಂದ ಬಾಯಿ ಮುಚ್ಚಿಕೊಂಡೆ. ಬುಟ್ಟಿ ಇಳಿಸಿದಲ್ಲೇ, ಅಂಗಳದ ನಟ್ಟನಡುವೆ ನಿಂತಿತು. ಅದನ್ನು ಜರುಗಿಸಲಾಗದೆ ನಾನೇ ಅದರ ಸುತ್ತ ಜಾಗ ಬದಲಿಸುತ್ತ ಎಸೆದೆ. ಆಶ್ಚರ್ಯವೆಂದರೆ ಆಟ ಹಿಡಿಸಿತು. ನಡಿಗೆಯಾಯಿತು, ಪ್ಯಾಂಟು ಸಡಿಲಾಯಿತು, ಡಾಕ್ಟರರು ಮೊದಲ ಬಾರಿಗೆ ನಕ್ಕರು. ಆದರೆ ಹೊಲದಲ್ಲಿ ತೊಗರಿ ಬಲಿಯುತ್ತಿತ್ತು. ಷರತ್ತು ನೆನಪಾದಾಗಲೆಲ್ಲ ಬುಟ್ಟಿಯನ್ನು ತಬ್ಬಿಕೊಂಡು ಅಲುಗಿಸಲು ನೋಡುತ್ತಿದ್ದೆ. ಅಲುಗುತ್ತಿದ್ದುದು ನನ್ನ ಸೊಂಟ ಮಾತ್ರ.

ತೊಗರಿ ಬಂದ ದಿನ ಸುಮಿತ್ರಾ ಸೆರಗು ಸಿಕ್ಕಿಸಿ ಅಂಗಳಕ್ಕೆ ಇಳಿದಳು. ನನ್ನ ಆಟ ಅಂದಿಗೆ ಮುಗಿಯಿತೆಂದು ಡಿಸ್ಕ್ ಕೈಯಲ್ಲಿ ಹಿಡಿದು ನಿಂತೆ. ಅವಳು ಬುಟ್ಟಿಯನ್ನು ಒಮ್ಮೆ ದೂಡಿ ನೋಡಿದಳು. ಅದು ಕದಲಲಿಲ್ಲ. ಅವಳ ಮುಖ ಅರಳಿತು. ಪ್ರತಿವರ್ಷ ಗಾಳಿಗೆ ಹಾರುವ ತಾಡಪತ್ರಿಯನ್ನು ತಂದು ಬುಟ್ಟಿಯ ಕಂಬದ ನೆತ್ತಿಗೆ ಬಿಗಿದಳು, ಇಬ್ಬನಿಗೆ ತೊಗರಿ ಮುಚ್ಚಲು ಡೇರೆ ಸಿದ್ಧವಾಯಿತು. “ರಫೀಕ ಛಲೋ ಮಾಡ್ಯಾನ. ಇದು ಇಲ್ಲೇ ಇರ್ಲಿ,” ಎಂದಳು. ಹಾಗಾದರೆ ಷರತ್ತು ಎಂದು ನಾನು ಬಾಯಿ ತೆರೆಯುವುದರೊಳಗೆ, “ನೀವು ಜರಾ ಬ್ಯಾರೆ ಕಡೆ ಸರೀರಿ,” ಎಂದಳು.

ಸರಿದೆ. ಮೈಯೆಲ್ಲ ಉರಿಯುತ್ತ, ಡಿಸ್ಕನ್ನು ಕಂಕುಳಲ್ಲಿಟ್ಟುಕೊಂಡು ರಸ್ತೆಗೆ ಇಳಿದೆ. ನಾಲ್ಕು ಹೆಜ್ಜೆಯೂ ಆಗಿರಲಿಲ್ಲ, ಬೈಕೊಂದು ಬಂದು ನಿಂತಿತು. ರಫೀಕ. ವಾದಿಸುವ ಶಕ್ತಿ ಇಲ್ಲದೆ ಹತ್ತಿ ಕೂತೆ. ಅವನು ತಿರುಗಿ ಮರುಕದಿಂದ ನೋಡಿದ.

“ಏನ್ರಿ ಸರ್, ಕೂತದ್ದೇ ಗೊತ್ತಾಗಲಿಲ್ಲ. ಭಾಳ ಹಗುರ ಆಗೀರಿ.”

ಎತ್ತಿ ಬೇರೆ ಕಡೆ ಇಡಲು ಬರುವಂಥದ್ದು ನಮ್ಮ ಮನೆಯಲ್ಲಿ ಕೊನೆಗೂ ಒಂದಿತ್ತು, ಮತ್ತು ಅದು ಬಸ್ ಸ್ಟ್ಯಾಂಡಿನ ಕಡೆ ಹೊರಟಿತ್ತು.