ನಿತ್ಯಪುಷ್ಪದ ಪುಡಿಯೂ ನಮ್ಮ ಚಿಕ್ಕವ್ವನೂ

ಆಸ್ಪತ್ರೆಯ ಡ್ರಿಪ್ ಬಿಡಿಸಿ ನಮ್ಮ ಚಿಕ್ಕವ್ವನಿಗೆ ಸೊಪ್ಪಿನ ಪುಡಿ ಕುಡಿಸಿದರು. ಇದು ಅಪರಾಧ. ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ಚಿಕ್ಕವ್ವ ದೊಡ್ಡಆಲಹಳ್ಳಿಯಲ್ಲಿ ರೇಷ್ಮೆಹುಳ ಸಾಕುವವಳು. ಕತ್ತಿನಲ್ಲಿ ಗಂಟೆದ್ದಿತು, ಕ್ಯಾನ್ಸರ್ ಅಂದರು. ಆಸ್ಪತ್ರೆಯಲ್ಲಿ ಕೊಟ್ಟ ಎರಡು ಕೀಮೋ ಡ್ರಿಪ್ಪಿಗೇ ಗಂಟು ಇಳಿಯತೊಡಗಿತ್ತು. ಮೂರನೆಯದಕ್ಕೆ ಹೋಗಲೇ ಇಲ್ಲ. "ಕೂದ್ಲು ಉದುರ್ತದೆ, ವಾಂತಿ ಬತ್ತದೆ. ಪುಡೀಲಿ ಅದೇನೂ ಇಲ್ವಂತೆ ಕಣ್ ಮಗ" ಅಂದಳು. ಅವಳನ್ನು ಮತ್ತೆ ಬಸ್ ಹತ್ತಿಸಬೇಕಿತ್ತು. ಅದಕ್ಕೆ ಮೊದಲು ಈ ಪುಡಿಯ ಮೂಲ ಹುಡುಕಿ ಹೊರಟೆ. ನಮ್ಮ ಸೀಮೆಯಲ್ಲಿ ಒಬ್ಬ ಪುಡಿಯವನ ಬೆನ್ನು ಹತ್ತಿದರೆ ದಾರಿಯಲ್ಲಿ ಇನ್ನಿಬ್ಬರು ಸಿಗುತ್ತಾರೆ.

ಒಂದು ಹಿಡಿ

ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನ ಹೊರಗೆ ಜೀಪು, ಮೈಕು, ಬಿಳಿ ಕೋಟು ತೊಟ್ಟವನೊಬ್ಬ. "ನಿತ್ಯಪುಷ್ಪದಿಂದ ಕ್ಯಾನ್ಸರ್ ಔಷಧಿ ಆಗುತ್ತೆ ಅಂತ ವಿಜ್ಞಾನವೇ ಒಪ್ಪಿದೆ!" ಅಂತ ಕೂಗುತ್ತಿದ್ದ. ಚಿಕ್ಕವ್ವನಿಗೆ ಪುಡಿ ಕೊಟ್ಟವನು ಇವನೇ.

ಅವನು ಹೇಳಿದ್ದರಲ್ಲಿ ಅರ್ಧ ನಿಜ. ಅದೇ ಅಪಾಯ. ನನಗೆ ಡಾಕ್ಟರ ಮೇಲೂ ಅನುಮಾನವೇ, ಹೋಗಿ ಕೇಳಿದ್ದೆ. ಚಿಕ್ಕವ್ವನ ಡ್ರಿಪ್ಪಿನಲ್ಲಿರುವ ಒಂದು ಔಷಧಿ ಅದೇ ಗಿಡದ್ದು ಅಂದರು. ಆದರೆ ಸತ್ವವನ್ನು ಬೇರೆ ಮಾಡಿ, ರಕ್ತ ಪರೀಕ್ಷೆ ಮಾಡಿ, ಮೈಗೆ ತಕ್ಕಂತೆ ಅಳೆದು ಕೊಡುತ್ತಾರೆ. ಅಳತೆ ತಪ್ಪಿದರೆ ಅದೇ ವಿಷ.

"ಪುಡಿ ಎಷ್ಟು ಕುಡೀಬೇಕು?" ಅಂದೆ.

"ಒಂದು ಹಿಡಿ."

"ಯಾರ ಹಿಡಿ? ನನ್ನದೋ, ನಮ್ಮ ಚಿಕ್ಕವ್ವನದೋ?"

"ಯಾರದಾದ್ರೂ ಪರವಾಗಿಲ್ಲ ಸಾರ್, ನ್ಯಾಚುರಲ್ಲು."

ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಗೂಡಿನ ವ್ಯಾಪಾರಿ ತಿರುಗಿದ. "ಲೇ, ಗೂಡಿಗೇ ತಕ್ಕಡಿ ಇಡ್ತೀವಿ. ಕ್ಯಾನ್ಸರ್‌ಗೆ ಹಿಡೀಲಿ ಅಳೀತೀಯೇನ್ಲಾ?"

ಗಾಜಿನ ತಟ್ಟೆ

ಚನ್ನಪಟ್ಟಣದ ವಿರೂಪಾಕ್ಷಿಪುರದಲ್ಲಿ ಆರೋಗ್ಯ ಶಿಬಿರ ಅಂತ ಕರೆದಿದ್ದರು. ಆರೋಗ್ಯ ಒಂದು ಮೂಲೆಯಲ್ಲೂ ಇರಲಿಲ್ಲ, ಅರಿಶಿನದ ಮಾತ್ರೆ ಡಬ್ಬಿಗಳು ಮಾತ್ರ ಗೋಡೆಯೆತ್ತರ ನಿಂತಿದ್ದವು. ಟೈ ಕಟ್ಟಿದವನು ಪರದೆಯ ಮೇಲೆ ಚಿತ್ರ ತೋರಿಸಿದ. "ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕಣ ಇಟ್ಟು ಅರಿಶಿನದ ಸಾರ ಹಾಕಿದರು. ಕಣಗಳೆಲ್ಲ ಸತ್ತವು!" ಚಪ್ಪಾಳೆ ಬಿತ್ತು.

ಹಿಂದಿನ ಸಾಲಿನ ಹೆಂಗಸು ಎದ್ದಳು. "ತಟ್ಟೇಗೆ ಕುದಿಯೋ ನೀರು ಹುಯ್ದ್ರೂ ಸಾಯ್ತವೆ ಅಲ್ವಾ ಸಾಮಿ?"

"ಸಾಯುತ್ತವೆ ತಾಯಿ."

"ಹಂಗಾರೆ ನಮ್ಮತ್ತೇನ ಹಂಡೇಲಿ ಕೂರಿಸ್ಲಾ?"

ಬೋಳು ಮರ

ಮಾಗಡಿಯ ಒಬ್ಬ ರೈತನ ಹಿತ್ತಲಲ್ಲಿ ಒಂದು ಲಕ್ಷ್ಮಣಫಲದ ಮರ. ಅದರ ಎಲೆಯ ಕಷಾಯಕ್ಕೆ ಕ್ಯಾನ್ಸರ್ ಕರಗುತ್ತದೆ ಅಂತ ಮೊಬೈಲಿನಲ್ಲಿ ಸುದ್ದಿ ಹರಿದಾಡಿತು. ಜನ ಬೇಲಿ ಹಾರಿ ಎಲೆ ಕಿತ್ತರು. ಕಾಯಿಲೆ ಇಲ್ಲದವರೂ ಮುಂದಕ್ಕಿರಲಿ ಅಂತ ಒಯ್ದರು. ನಾನು ಹೋದಾಗ ಮರ ಒಣಗಿ ಕಡ್ಡಿಯಾಗಿತ್ತು.

"ಯಾರಿಗಾದ್ರೂ ವಾಸಿ ಆಯ್ತಾ?" ಅಂತ ರೈತನನ್ನು ಕೇಳಿದೆ.

"ಯಾರ್ ಬಂದು ಹೇಳ್ತಾರೆ? ಎಲೆಗೆ ಬಂದೋರು ತಿರುಗಿ ಬರಲಿಲ್ಲ. ಈಗ ಸೌದೆಗೆ ಬತ್ತಾವ್ರೆ."

ಹುಳಮನೆ ಬಾಗಿಲು

ವಾಪಸು ದೊಡ್ಡಆಲಹಳ್ಳಿಗೆ ಬಂದೆ. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಕಳೆದ ಹುಳಗಳು ಬಕಾಸುರರಂತೆ ಮೇಯುತ್ತಿದ್ದವು. ಸ್ವಂತ ತೋಟದ ಹಿಪ್ಪುನೇರಳೆ ಸೊಪ್ಪು ಸಾಲದೆ ಚಿಕ್ಕವ್ವ ಪಕ್ಕದೂರಿನಿಂದ ತರಿಸಿದ್ದಳು. ಹೊರಗಿನ ಸೊಪ್ಪನ್ನು ನಮ್ಮಲ್ಲಿ ಯಾರೂ ನೇರವಾಗಿ ಹಾಕುವುದಿಲ್ಲ. ಅದಕ್ಕೆ ಕೀಟದ ಔಷಧಿ ಹೊಡೆದಿದ್ದರೆ ಬೆಳೆಯೇ ಹೋಯಿತು. ಅವಳೂ ನಾಲ್ಕು ಹುಳ ಬೇರೆ ಮಾಡಿ, ಅವಕ್ಕೆ ಸೊಪ್ಪು ಕೊಟ್ಟು ಕಾಯುತ್ತ ಕೂತಿದ್ದಳು.

ಅಷ್ಟರಲ್ಲಿ ಎರಡನೇ ಪ್ಯಾಕೆಟ್ ಹಿಡಿದು ಆ ಬಿಳಿ ಕೋಟು ಬಾಗಿಲಿಗೆ ಬಂತು.

ನಾನು ಅವಳಿಗೇ ಹೇಳಿದೆ. "ಹುಳ ತಿನ್ನೋ ಸೊಪ್ಪು ಪರೀಕ್ಷೆ ಮಾಡ್ತೀಯ. ನೀನು ಕುಡಿಯೋ ಪುಡಿ?"

ಚಿಕ್ಕವ್ವ ಎದ್ದು ಅವನ ಕೈಯಿಂದ ಪ್ಯಾಕೆಟ್ ಕಿತ್ತುಕೊಂಡಳು. ಅದನ್ನು ಹರಿದು, ಹಿಡಿ ತುಂಬ ಪುಡಿ ಹಿಡಿದು, ಹುಳದ ತಟ್ಟೆಯ ಮೇಲೆ ಕೈ ಚಾಚಿದಳು.

"ಅಯ್ಯಯ್ಯೋ ತಾಯಿ! ಹುಳಕ್ಕೆ ಹಾಕ್ಬೇಡಿ! ಸತ್ತೋಯ್ತವೆ!"

"ನಿಂಗೆಂಗ್ ಗೊತ್ತು?"

"ನಮ್ಮನೇಲೂ ಹುಳ ಮೇಯಿಸ್ತೀವಿ. ಹೋದ ಬೆಳೇಲಿ ಪುಡಿ ಕುಟ್ಟಿದ ಕೈಯಲ್ಲೇ ಸೊಪ್ಪು ಹಾಕ್ಬುಟ್ಟೆ, ತಟ್ಟೆಗೆ ತಟ್ಟೇನೇ..." ಅಂದವನು ಬಾಯಿ ಮುಚ್ಚಿಕೊಂಡ.

ಹುಳ ಸತ್ತರೆ ಪುಡಿ ಮನುಷ್ಯರಿಗೂ ವಿಷ ಅಂತ ಸಾಬೀತಾಗುವುದಿಲ್ಲ. ಅದೂ ಗಾಜಿನ ತಟ್ಟೆಯ ಮಾತೇ. ಆದರೆ ಅವನಿಗೆ ಯಾವ ಜೀವದ ಮೇಲೆ ಕಾಳಜಿ ಅನ್ನುವುದು ಸಾಬೀತಾಯಿತು.

"ಹುಳ ಸತ್ರೆ ಬಡ್ಕೊಂಡ್ ಓಡಿ ಬತ್ತೀಯ. ನಾನು ಸತ್ರೆ ಗಿರಾಕಿ ಒಬ್ಳು ಕಮ್ಮಿ, ಅಷ್ಟೇಯಾ?" ಅಂದಳು ಚಿಕ್ಕವ್ವ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಅವನು ಓಡಿದ.

"ಈಗಲೇ ಬಸ್ಸಿದೆ, ನಡಿ" ಅಂದೆ.

"ಬತ್ತೀನಿ, ಒಸಿ ತಡಿ. ಹುಳಕ್ಕೆ ಸೊಪ್ಪು ಹಾಕ್ಬೇಕು. ಈ ಪುಡಿ ಮುಟ್ಟಿದ ಕೈ ಮೊದ್ಲು ಸೋಪಾಕಿ ತೊಳ್ಕತೀನಿ."

ತಿಂಗಳಿಂದ ಅದೇ ಪುಡಿಯನ್ನು ಹೊಟ್ಟೆಗೆ ಹಾಕಿಕೊಂಡವಳು!

ನಿಮ್ಮ ಮನೆಯಲ್ಲೂ ಯಾರೋ ಡ್ರಿಪ್ ಬಿಟ್ಟು ಪುಡಿ ಕುಡಿಯುತ್ತಿರಬಹುದು. ನಾಚಿಕೆಗೆ ಬಚ್ಚಿಟ್ಟಿರಬಹುದು. ಇವತ್ತೇ ಕೇಳಿ. ಕೈ ಹಿಡಿದು ಬಸ್ ಹತ್ತಿಸಿ. ಆ ಪ್ಯಾಕೆಟ್ಟನ್ನೂ ಒಯ್ದು ಡಾಕ್ಟರ ಮೇಜಿನ ಮೇಲೆ ಇಡಿ. ಏಳಿ!