ಎಲ್ಲರ ಕಪ್ಪೂ ಬೋರಲು

ಹೆಂಡತಿ: ಒಬ್ಬರೋ ಇಬ್ಬರೋ ಆಗಿದ್ರೆ ಬಾಯಿ ಮುಚ್ಕೊಂಡಿರ್ತಿದ್ದೆ. ಎಲ್ಲರನ್ನೂ ಒಂದೇ ಏಟಿಗೆ ಗುಡಿಸಿ ಹಾಕಿದೀರಲ್ರೀ! ಅದೂ ಸಂಜೆಗೆ ಕಾರ್ಯಕ್ರಮ ಇಟ್ಕೊಂಡು!

ಗಾಯಕ: ನಾನು ಮುಟ್ಟಿಲ್ಲ ಕಣೆ. ನನ್ನ ಗಂಟಲಾಣೆ.

ಹೆಂಡತಿ: ಆ ಗಂಟಲ ಮೇಲೆ ಆಣೆ ಇಟ್ರೆ ಯಾರು ನಂಬ್ತಾರೆ? ಅದು ಕೆಟ್ಟು ಯಾವ ಕಾಲವಾಯ್ತು!

ಲಾಂಡ್ರಿ ಅಂಗಡಿಯ ಮೇಲಿನ ಅಭ್ಯಾಸದ ಕೋಣೆ ಅದು. ಗೋಡೆಯ ಹಲಗೆಯ ಮೇಲೆ ಚಹಾ ಕಪ್ಪುಗಳು ಸಾಲಾಗಿ ಬೋರಲು ಬಿದ್ದಿದ್ದವು. ಈ ಪೋಸ್ಟ್-ಪಂಕ್ ರಾಕ್ ಬ್ಯಾಂಡಿನಿಂದ ಯಾರನ್ನಾದರೂ ತೆಗೆದುಹಾಕಬೇಕಾದರೆ ಗಾಯಕ ಬಾಯಿ ಬಿಡುವವನಲ್ಲ. ಅವರ ಕಪ್ಪನ್ನು ಬೋರಲು ಹಾಕುವುದು, ಅಷ್ಟೇ. ಬಂದವನು ಹಲಗೆ ನೋಡಿ, ವಾದ್ಯ ಎತ್ತಿಕೊಂಡು ಮೆಟ್ಟಿಲಿಳಿಯಬೇಕು. ಹಾಗೆ ಇಳಿದವರನ್ನೆಲ್ಲ ಕೂಡಿಸಿದರೆ ಒಂದು ಸಭಾಂಗಣವೇ ತುಂಬೀತು. ಅವನ ಕಾರ್ಯಕ್ರಮಕ್ಕೆ ಮಾತ್ರ ಅಷ್ಟು ಜನ ಎಂದೂ ಸೇರಿದ್ದಿಲ್ಲ.

ಇವತ್ತು ಮಧ್ಯಾಹ್ನ ಡ್ರಮ್ಮಿನವನು, ಗಿಟಾರಿನವನು, ಕೀಬೋರ್ಡಿನವಳು ಮೂವರೂ ಒಟ್ಟಿಗೆ ಬಂದರು, ಒಟ್ಟಿಗೆ ಹಲಗೆ ನೋಡಿದರು, ಒಟ್ಟಿಗೇ ಇಳಿದು ಹೋದರು. ಬಾಸ್ ಗಿಟಾರ್ ನುಡಿಸುವ ಹೆಂಡತಿಯ ಕಪ್ಪೂ ಬೋರಲಾಗಿತ್ತು. ಆದರೂ ಅವಳು ಕೂತೇ ಇದ್ದಳು.

ಗಾಯಕ: ನಾನು ತೆಗೆದಿದ್ದೇ ನಿಜವಾದ್ರೆ ನೀನ್ಯಾಕೆ ಹೋಗ್ಲಿಲ್ಲ?

ಹೆಂಡತಿ: ಎಲ್ಲಿಗೆ ಹೋಗ್ಲಿ? ಮನೆಗೆ ಹೋದ್ರೆ ಅಲ್ಲಿಗೂ ನೀವೇ ಬರ್ತೀರಿ.

ಗಾಯಕ: ಹಾಗಾದ್ರೆ ನೀನೇ ಮಾಡಿರ್ಬೇಕು. ಸೇಡು!

ಹೆಂಡತಿ: ಸೇಡು ತೀರಿಸ್ಕೊಳ್ಳೋಕೆ ಕಪ್ಪು ಯಾಕೆ ಬೇಕು, ನಿಮ್ಮನ್ನ ಕಟ್ಕೊಂಡಿದ್ದು ಸಾಲದಾ? ಹಳೇ ಡ್ರಮ್ಮಿನವನನ್ನ ಅವನ ಮದುವೆ ದಿನವೇ ತೆಗೆದ್ರಿ. ಉಡುಗೊರೆ ಡಬ್ಬಿ ಬಿಚ್ಚಿದ್ರೆ ಒಳಗೆ ಅವನ ಕಪ್ಪು. ಬೋರಲು!

ಗಾಯಕ: ಮದುವೆ ಗೊತ್ತಾಗೋವರೆಗೂ ತಾಳದಲ್ಲಿದ್ದ. ಆಮೇಲೆ ತಾಳ ಓಡಿಸೋಕೆ ಶುರು ಮಾಡಿದ.

ಹೆಂಡತಿ: ಬಟ್ಟೆ ಕಪಾಟಿನೊಳಗೆ ಕೂತು ಇಡೀ ರೆಕಾರ್ಡು ಹಾಡಿದೋರು ನೀವು, ತಾಳದ ಮಾತು ಬೇರೆ.

ಗಾಯಕ: ಪತ್ರಿಕೆಯವರು ಅದನ್ನ ಕ್ರಾಂತಿ ಅಂತ ಬರೆದ್ರು.

ಹೆಂಡತಿ: ಬಾಗಿಲು ಸಿಕ್ಕಿಹಾಕ್ಕೊಂಡಿದ್ದು ಅವರಿಗೇನು ಗೊತ್ತು? ಬಡಗಿಯನ್ನ ಓಡಿ ಕರ್ಕೊಂಡು ಬಂದೋಳು ನಾನು. ಆ ರೆಕಾರ್ಡಿನಲ್ಲಿ ತಾಳಕ್ಕೆ ಸರಿಯಾಗಿ ಬಡಿದೋನು ಆ ಬಡಗಿಯೊಬ್ಬನೇ.

ಅವಳು ಈ ಕೋಣೆಗೆ ಮೊದಲ ಸಲ ಕಾಲಿಟ್ಟದ್ದೂ ಜಗಳಕ್ಕೇ. ಕೆಳಗಿನ ಲಾಂಡ್ರಿ ಅವಳ ಅಪ್ಪನದು. ಅಂಗಿಯ ಗುಂಡಿ ಮಾಡುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಒಬ್ಬ ಸಣಕಲ, ಯಂತ್ರದ ಮೇಲೆ ಬರೆದ ಎಚ್ಚರಿಕೆ ಮಾತುಗಳನ್ನೇ ಹಾಡು ಮಾಡಿಕೊಂಡು ಮೇಲುಗಡೆ ಅರಚುತ್ತಿದ್ದ. ನಿಲ್ಲಿಸಿ ಎಂದು ಹೇಳಲು ಅವಳು ಮೆಟ್ಟಿಲು ಹತ್ತಿದಳು. ಆಗಷ್ಟೇ ಬಾಸಿನವನ ಕಪ್ಪು ಬೋರಲಾಗಿತ್ತು. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಗಿಟಾರು ಅವಳ ಕೊರಳಿಗೆ ಬಿದ್ದಿತ್ತು. ಸ್ವಲ್ಪ ದಿನಕ್ಕೆ ಗಾಯಕನೂ ಬಿದ್ದ.

ಅಷ್ಟರಲ್ಲಿ ಗಾಯಕನ ಅಕ್ಕ ಹಬೆಯಾಡುವ ಕಪ್ಪು ಹಿಡಿದು ಮೇಲೆ ಬಂದಳು. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತಳಾದವಳು. ತಮ್ಮನ ಹಾಡನ್ನು ಒಮ್ಮೆಯಾದರೂ ಎದುರಿಗೆ ಕೇಳೋಣವೆಂದು ನಿನ್ನೆ ಬಂದಿಳಿದಿದ್ದಳು.

ಅಕ್ಕ: ಕೆಳಗಿನವರೆಗೂ ಕೇಳ್ತಿದೆ ಕೂಗಾಟ. ಅಭ್ಯಾಸ ಜೋರಾಗಿ ನಡೀತಿದೆ ಅಂದ್ಕೊಂಡೆ.

ಹೆಂಡತಿ: ಅತ್ತಿಗೆ, ಬೆಳಿಗ್ಗೆ ನೀವು ಇಲ್ಲಿಗೇನಾದ್ರೂ ಬಂದಿದ್ರಾ?

ಅಕ್ಕ: ಬರದೆ ಏನಮ್ಮ? ಒಂದೊಂದು ಕಪ್ಪಿನ ತಳದಲ್ಲೂ ಒಂದೊಂದು ತೋಟ ಬೆಳೆದಿತ್ತು. ಬಿಸಿನೀರಲ್ಲಿ ಉಜ್ಜಿ ತೊಳೆದು, ಧೂಳು ಕೂರಬಾರದು ಅಂತ ಬೋರಲು ಹಾಕಿದೆ. ಯಾಕೆ, ಯಾವುದಾದ್ರೂ ಒಡೀತಾ?

ಗಾಯಕ: ಒಡೆದಿದ್ದು ಬ್ಯಾಂಡು ಕಣಕ್ಕಾ!

ಹೆಂಡತಿ ಸಂಗತಿ ಬಿಡಿಸಿ ಹೇಳಿದಳು. ಅಕ್ಕ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ಅಕ್ಕ: ಮೈಕ್ ಕಂಡ್ರೆ ಗಂಟೆಗಟ್ಟಲೆ ಬೊಬ್ಬೆ ಹೊಡೀತೀಯ. ಮನುಷ್ಯರಿಗೆ ಒಂದು ಮಾತು ಹೇಳೋಕೆ ನಿನಗೇನೋ ದಾಡಿ?

ಹೆಂಡತಿ: ಫೋನ್ ಮಾಡಿ ಕರೀರಿ. ಇನ್ನೂ ಹೊತ್ತಿದೆ.

ಗಾಯಕ: ಇಳಿದು ಹೋದವರನ್ನ ನಾನು ಯಾವತ್ತಾದ್ರೂ ಕರೆದಿದ್ದುಂಟಾ? ನಿಯಮ ಅಂದ್ರೆ ನಿಯಮ. ಒಬ್ಬನೇ ಹಾಡ್ತೀನಿ.

ಹೇಳಿದನೇನೋ ಸರಿ, ಇಬ್ಬರಿಗೂ ಬೆನ್ನು ಹಾಕಿಯೇ ಹೇಳಿದ. ಜನರಿಗೆ ಬೆನ್ನು ಹಾಕಿ ಹಾಡುವುದು ಅವನ ಸೊಕ್ಕು ಎಂದು ಪತ್ರಿಕೆಗಳು ಬರೆದಿದ್ದವು. ಸೊಕ್ಕಲ್ಲ, ಪುಕ್ಕಲುತನ ಎಂದು ಹೆಂಡತಿಗೊಬ್ಬಳಿಗೇ ಗೊತ್ತು. ಬೆನ್ನು ತಿರುಗಿಸಿದರೆ ನೋಡುತ್ತ ಹಾಡಲು ಬ್ಯಾಂಡಿನವರ ಮುಖಗಳು ಇರುತ್ತಿದ್ದವು. ಇವತ್ತು ಬರೀ ಗೋಡೆ. ಎರಡನೇ ಹಾಡಿಗೆ ಇವನು ಕುಸಿದು ಕೂರುತ್ತಾನೆ, ಮತ್ತೆ ವೇದಿಕೆ ಹತ್ತುವುದಿಲ್ಲ ಎಂದುಕೊಂಡಳು. ಅವಳ ಕಣ್ಣು ಹಲಗೆಯ ತುದಿಗೆ ಹೋಯಿತು.

ಹೆಂಡತಿ: ನಿಯಮ ಅಂದ್ರೆ ನಿಯಮ ತಾನೇ? ಆ ಹಿಡಿ ಮುರಿದ ಕಪ್ಪು ಯಾರದು?

ಗಾಯಕ: ಅದು... ನಂದು.

ಹೆಂಡತಿ: ಹೇಗಿದೆ?

ಗಾಯಕ: ಲೇ, ಈ ಬ್ಯಾಂಡು ಕಟ್ಟಿದೋನೇ ನಾನು!

ಹೆಂಡತಿ: ಹೋಗುವಾಗ ಎಲ್ಲರೂ ಹಾಗೇ ಅಂತಾರೆ.

ಅವನು ಕಪ್ಪಿಗೆ ಕೈ ಹಾಕಿದ. ಅವಳು ಆ ಕೈಗೆ ಪಟ್ಟೆಂದು ಕೊಟ್ಟಳು.

ಹೆಂಡತಿ: ಕಪ್ಪು ನೆಟ್ಟಗಿರೋರು ಮಾತ್ರ ಹಲಗೆ ಮುಟ್ಟಬೇಕು. ನೀವೇ ಮಾಡಿದ ಕಾನೂನು.

ಗಾಯಕ: ಹಾಗಾದ್ರೆ ಈಗ ಬ್ಯಾಂಡಿನಲ್ಲಿ ಇರೋರು ಯಾರು?

ಇಬ್ಬರೂ ಮೆಲ್ಲಗೆ ತಿರುಗಿದರು. ಅಕ್ಕ ಬೆಳಿಗ್ಗೆ ಹಲಗೆಯಿಂದಲೇ ಒಯ್ದಿದ್ದ ಒಂದು ಕಪ್ಪನ್ನು ನೆಟ್ಟಗೆ ಹಿಡಿದು ನೆಮ್ಮದಿಯಾಗಿ ಚಹಾ ಗುಟುಕರಿಸುತ್ತಿದ್ದಳು.

ಅಕ್ಕ: ಏನ್ರೋ ಹಂಗೆ ನೋಡ್ತೀರಿ?

ಹೆಂಡತಿ: ಅತ್ತಿಗೆ, ಉಳಿದಿರೋದು ನೀವೊಬ್ಬರೇ.

ಅಕ್ಕ ಬೆಚ್ಚಲಿಲ್ಲ. ಇಡೀ ವಾರ್ಡನ್ನು ಆಳಿದವಳು. ಡ್ರಮ್ಮಿನವನ ಸ್ಟೂಲಿನ ಮೇಲೆ ಕೂತು ಸೆರಗು ಸರಿಮಾಡಿಕೊಂಡಳು. ಆಮೇಲೆ ಎದ್ದು ಒಂದೊಂದೇ ಕಪ್ಪು ನೆಟ್ಟಗೆ ಮಾಡಿದಳು. ಮೊದಲು ಹೆಂಡತಿಯದು, ಬಳಿಕ ಡ್ರಮ್ಮಿನವನದು, ಗಿಟಾರಿನವನದು, ಕೀಬೋರ್ಡಿನವಳದು. ಹಿಡಿ ಮುರಿದದ್ದರ ಹತ್ತಿರ ಕೈ ನಿಂತಿತು.

ಅಕ್ಕ: ನಿನಗೇನಪ್ಪ ಬರುತ್ತೆ?

ಗಾಯಕ: ಅಕ್ಕಾ! ಹಾಡ್ತೀನಿ!

ಅಕ್ಕ: ನಿನ್ನೆ ಇವಳು ರೆಕಾರ್ಡು ಹಾಕಿ ಕೇಳಿಸಿದ್ಲು. ಆಪರೇಷನ್ ಆಗಿ ಮದ್ದಿನ ಅಮಲು ಇಳಿಯುವಾಗ ನಮ್ಮ ರೋಗಿಗಳೆಲ್ಲ ಹಾಗೇ ಹಾಡ್ತಿದ್ರು.

ಹೆಂಡತಿ: ಅದನ್ನೇ ಅತ್ತಿಗೆ, ಪೋಸ್ಟ್-ಪಂಕ್ ಅನ್ನೋದು.

ಅಕ್ಕ: ಏನಾದ್ರೂ ಆಗ್ಲಿ. ಮೊದಲು ಅವರನ್ನ ಕರಿ. ನಿನ್ನ ಬಾಯಿಂದ, ನೆಟ್ಟಗೆ. ಆಮೇಲೆ ನಿನ್ನ ವಿಚಾರ.

ಗಾಯಕ ಫೋನು ಎತ್ತಿ ಡ್ರಮ್ಮಿನವನಿಗೆ ಹಚ್ಚಿದ. ಬೆವರು ಒರೆಸಿಕೊಂಡು ಗೋಡೆಯ ಕಡೆ ತಿರುಗಿ ನಿಂತ.

ಗಾಯಕ: ಹಲೋ... ನಾನು. ಹೂಂ, ಕಪ್ಪು ನೋಡಿದೆ... ನಾನು ಹಾಕಿದ್ದಲ್ಲ... ಅದೂ... ಬಾ ಮಾರಾಯ. ನೀವ್ಯಾರೂ ಇಲ್ದೆ ನನಗೆ ಅಲ್ಲಿ ನಿಂತ್ಕೊಳ್ಳೋಕೇ ಆಗಲ್ಲ.

ಹೆಂಡತಿ ಬಾಸಿನ ತಂತಿ ಒರೆಸುವ ನೆಪದಲ್ಲಿ ತಲೆ ತಗ್ಗಿಸಿದಳು.

ಅಕ್ಕ: ಏನಂದ?

ಗಾಯಕ: ಯಾರು ಮಾತಾಡೋದು ಅಂತ ಮತ್ತೆ ಮತ್ತೆ ಕೇಳ್ತಿದಾನೆ ಕಣಕ್ಕ!

ಹೆಂಡತಿ ಫೋನು ಕಿತ್ತುಕೊಂಡಳು.

ಹೆಂಡತಿ: ಅವರೇ ಕಣಯ್ಯ. ಹೌದು, ಅವರೇ... ಇಲ್ಲ ಇಲ್ಲ, ಜ್ವರಗಿರ ಏನಿಲ್ಲ. ಉಳಿದಿಬ್ಬರನ್ನೂ ಕರ್ಕೊಂಡು ಬಾ.

ಬಿಸಿಲು ಇಳಿಯುವ ಮುಂಚೆ ಮೆಟ್ಟಿಲ ಮೇಲೆ ಡ್ರಮ್ಮಿನ ಸಾಮಾನು ಧಡಬಡ ಎಂದಿತು. ಆಗ ಅಕ್ಕ ಹಿಡಿ ಮುರಿದ ಕಪ್ಪನ್ನು ನೆಟ್ಟಗೆ ಮಾಡಿ, ಚಹಾ ತುಂಬಿ ತಮ್ಮನ ಕೈಗಿಟ್ಟಳು. ಅವನು ಒಂದು ಗುಟುಕು ಹೀರಿ ಮುಖ ಸಿಂಡರಿಸಿದ.

ಗಾಯಕ: ಇದೇನಕ್ಕ, ಸಕ್ಕರೆನೇ ಹಾಕಿಲ್ಲ...

ಅಕ್ಕ ಕಪ್ಪನ್ನು ಬೋರಲು ಹಾಕಲು ಕೈ ಚಾಚಿದಳು.

ಗಾಯಕ: ...ಹಾಕ್ಬೇಡ, ಹಾಕ್ಬೇಡ! ಹಾಕಿದ್ರೆ ಕೆಡ್ತಿತ್ತು ಅಂದೆ.